ಕೂಗದ ಸಾಲ

ಸಾಲದಲ್ಲಿ ಸಿಕ್ಕಿಕೊಂಡು ಸಲಹೆಗಾಗಿ ನನ್ನ ಬಳಿಗೆ ಬಂದ ಒಬ್ಬರ ಪ್ರಕರಣ ಇದು. ಅವರ ಗುರುತು ಸಿಗಬಾರದೆಂದು ವಯಸ್ಸು, ಕೆಲಸ, ಕುಟುಂಬದ ವಿವರಗಳನ್ನು ಬದಲಿಸಿದ್ದೇನೆ. ಹಣದ ಮೊತ್ತಗಳನ್ನೂ ಇದ್ದ ಹಾಗೆ ಕೊಟ್ಟಿಲ್ಲ. ಅವರ ತಿಂಗಳ ಸಂಬಳವನ್ನು 100 ಎಂದು ಇಟ್ಟುಕೊಂಡು ಉಳಿದೆಲ್ಲವನ್ನೂ ಆ ಅಳತೆಯಲ್ಲೇ ಬರೆದಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಮೊದಲ ಭೇಟಿಯ ಒಂದು ಗಂಟೆಯಲ್ಲಿ ಅವರ ಮೊಬೈಲ್ ಹನ್ನೊಂದು ಸಲ ಅದುರಿತು. ಮೊದಲು ಅದನ್ನು ಮೇಜಿನ ಮೇಲೆ ಮಗುಚಿ ಇಟ್ಟರು. ಆಮೇಲೆ ಚೀಲದೊಳಗೆ ಹಾಕಿದರು. ಅಲ್ಲಿಂದಲೂ ಸದ್ದು ಕೇಳಿಸಿದಾಗ ಚೀಲವನ್ನೇ ಕುರ್ಚಿಯ ಹಿಂದಕ್ಕೆ ತಳ್ಳಿದರು. ಮೂವತ್ತೆಂಟರ ಪ್ರಾಯ, ಹೆಂಡತಿ, ಇಬ್ಬರು ಮಕ್ಕಳು, ಗೋದಾಮೊಂದರಲ್ಲಿ ರಾತ್ರಿ ಪಾಳಿಯ ಕೆಲಸ. "ನಾನು ಯಾರಿಗೂ ಮೋಸ ಮಾಡಿಲ್ಲ ಮೇಡಂ. ತಿಂಗಳು ತಿಂಗಳೂ ಕಟ್ಟುತ್ತಲೇ ಇದ್ದೇನೆ. ಸಾಲ ಮಾತ್ರ ಕರಗುತ್ತಿಲ್ಲ" ಎಂದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ ಎಂಬುದು ಲೆಕ್ಕ ಹಾಕಿದ ಮೇಲೆ ನನಗೂ ಗೊತ್ತಾಯಿತು.

ಮೂರು ವರ್ಷದ ಹಿಂದೆ ತಂದೆಯ ಶಸ್ತ್ರಚಿಕಿತ್ಸೆಗೆಂದು ಬ್ಯಾಂಕಿನಲ್ಲಿ ಸಾಲ ಮಾಡಿದ್ದರು. ಜಾಮೀನಿಗೆ ಸಹಿ ಹಾಕಿದವರು ಅವರ ಅಕ್ಕ. ಮುಂದೆ ಎರಡು ತಿಂಗಳು ಕೆಲಸವಿಲ್ಲದೆ ಮನೆಯಲ್ಲಿ ಕುಳಿತಾಗ ಮೂರು ಕಂತುಗಳು ತಡವಾದವು, ಸಾಲ ಮರಳಿಸುವ ನಂಬಿಕೆಯನ್ನು ಅಳೆಯುವ ಅಂಕ, ಅಂದರೆ ಕ್ರೆಡಿಟ್ ಸ್ಕೋರ್, ಕುಸಿಯಿತು. ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಫೈಕೋ ಸ್ಕೋರಿನಲ್ಲಿ ಸುಮಾರು 35 ಶೇಕಡಾ ತೂಕ ಇರುವುದೇ ಹಿಂದಿನ ಕಂತುಗಳನ್ನು ಸಮಯಕ್ಕೆ ಕಟ್ಟಿದ್ದಾರೆಯೇ ಎಂಬುದಕ್ಕೆ. ಕೆಲಸ ಮತ್ತೆ ಸಿಕ್ಕಿದಾಗ, ಹಿಂದುಳಿದ ಬಾಡಿಗೆ ತುಂಬಲು ಒಂದೇ ತಿಂಗಳಲ್ಲಿ ಐದು ಕಡೆ ಅರ್ಜಿ ಹಾಕಿದರು. ಐದೂ ತಿರಸ್ಕಾರವಾದವು. ಪ್ರತಿ ಅರ್ಜಿಗೂ ಕ್ರೆಡಿಟ್ ವರದಿಯಲ್ಲಿ, ಅಂದರೆ ಒಬ್ಬರ ಸಾಲಗಳ ದಾಖಲೆಯಲ್ಲಿ, ಒಂದು ವಿಚಾರಣೆ ದಾಖಲಾಗುತ್ತದೆ. ಹೀಗೆ ಸಾಲು ಸಾಲಾಗಿ ದಾಖಲಾದರೆ ಸ್ಕೋರ್ ಇನ್ನಷ್ಟು ಇಳಿಯುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಸ್ಕೋರ್ ಬಿದ್ದವರಿಗೆ ಸಾಲ ಹುಟ್ಟುವುದಿಲ್ಲ ಎಂದು ಹೊರಗಿನವರು ತಿಳಿದಿರುತ್ತಾರೆ. ಹುಟ್ಟುತ್ತದೆ, ಐದು ನಿಮಿಷದಲ್ಲಿ ಕೈಗೆ ಬರುತ್ತದೆ. ಇವರಿಗೂ ಮೊಬೈಲಿನ ಆ್ಯಪ್ ಮೂಲಕವೇ 10 ಸಿಕ್ಕಿತು. ಹದಿನಾಲ್ಕು ದಿನಕ್ಕೆ ನೂರಕ್ಕೆ 15ರಂತೆ ಶುಲ್ಕ. ಕೇಳುವ ಕಿವಿಗೆ 15 ದೊಡ್ಡ ಸಂಖ್ಯೆಯೇನೂ ಅಲ್ಲ. ಆದರೆ ವರ್ಷದಲ್ಲಿ ಅಂಥ 26 ಅವಧಿಗಳಿವೆ, ಹಾಗಾಗಿ ವಾರ್ಷಿಕ ದರ 390 ಶೇಕಡಾ. ಹದಿನಾಲ್ಕನೆಯ ದಿನ ಪೂರ್ತಿ ಕಟ್ಟಲಾಗದಿದ್ದರೆ ಶುಲ್ಕವನ್ನಷ್ಟೇ ಕಟ್ಟಿ ಇನ್ನೊಂದು ಅವಧಿಗೆ ನವೀಕರಿಸಬಹುದು. ಅಸಲು ಕದಲುವುದಿಲ್ಲ. ಕೆಲವು ತಿಂಗಳಲ್ಲಿ ಒಂದು ಸಾಲ ಎರಡಾಯಿತು, ಮೂರಾಯಿತು, ನಾಲ್ಕಾಯಿತು. ಒಂದರ ಶುಲ್ಕ ಕಟ್ಟಲು ಇನ್ನೊಂದು. ಅಮೆರಿಕದ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ ಇಂಥ ಸಾಲಗಳನ್ನು ಪರಿಶೀಲಿಸಿ 2014ರಲ್ಲಿ ವರದಿ ಕೊಟ್ಟಾಗ, ಐದರಲ್ಲಿ ನಾಲ್ಕು ಸಾಲಗಳು ಹದಿನಾಲ್ಕು ದಿನದೊಳಗೆ ನವೀಕರಣಗೊಂಡೋ ಹೊಸ ಸಾಲವಾಗಿಯೋ ಮುಂದುವರಿದಿದ್ದವು. ನನ್ನೆದುರು ಕುಳಿತಿದ್ದವರು ತಮ್ಮೊಬ್ಬರದೇ ಬುದ್ಧಿಗೇಡಿತನ ಎಂದು ನಂಬಿಕೊಂಡಿದ್ದರು. ಅದಕ್ಕಾಗಿಯೇ ಈ ಅಂಕಿಯನ್ನು ಅವರಿಗೆ ಹೇಳಿದೆ.

ಎರಡನೆಯ ಭೇಟಿಗೆ ಮನೆಯಲ್ಲಿರುವ ಎಲ್ಲ ಕಾಗದಗಳನ್ನೂ ತರಲು ಹೇಳಿದ್ದೆ. ಒಂದು ಪ್ಲಾಸ್ಟಿಕ್ ಚೀಲದ ತುಂಬ ತಂದರು. ಅದರಲ್ಲಿ ಬ್ಯಾಂಕಿನ ಮೂರು ಲಕೋಟೆಗಳು ಒಡೆಯದೆ ಹಾಗೇ ಇದ್ದವು. ಅವನ್ನು ಬದಿಗಿಟ್ಟು ಮೊದಲು ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆದೆವು. ಬರೆಯುವ ಪೆನ್ನು ಅವರ ಕೈಯಲ್ಲೇ ಇರಬೇಕು ಎಂಬುದು ನನ್ನ ನಿಯಮ.

ಬಾಡಿಗೆ, ಊಟ, ಶಾಲೆ, ಓಡಾಟ, ತಂದೆಯ ಔಷಧ ಎಲ್ಲ ಸೇರಿ 72. ಸಾಲಗಳಿಗೆ ಉಳಿಯುವುದು 28. ಬ್ಯಾಂಕಿನ ಸಾಲದಲ್ಲಿ ಬಾಕಿ 240, ವರ್ಷಕ್ಕೆ 13 ಶೇಕಡಾ ಬಡ್ಡಿ, ಕಂತು 9. ಕ್ರೆಡಿಟ್ ಕಾರ್ಡಿನಲ್ಲಿ ಬಾಕಿ 80, ತಿಂಗಳಿಗೆ 3.5 ಶೇಕಡಾ ಬಡ್ಡಿ. ಅದಕ್ಕೆ ಕನಿಷ್ಠ ಪಾವತಿಯಾಗಿ 4 ಕಟ್ಟುತ್ತಿದ್ದರು, ಅದರಲ್ಲಿ 2.8 ಬಡ್ಡಿಗೇ ಹೋಗುತ್ತಿತ್ತು. ಒಂದು ಖಾಸಗಿ ಹಣಕಾಸು ಸಂಸ್ಥೆಯಲ್ಲಿ ತೆಗೆದ 60ಕ್ಕೆ ಕಂತು 6.2. ಮೊಬೈಲಿನ ನಾಲ್ಕು ಸಾಲಗಳ ಅಸಲು ಒಟ್ಟು 40, ತಿಂಗಳಿಗೆ ಬರೀ ಶುಲ್ಕವೇ 13. ಕೊನೆಗೆ ಸಹೋದ್ಯೋಗಿಯೊಬ್ಬರಿಂದ ಪಡೆದ 12 ಕೈಸಾಲ, ಅದಕ್ಕೆ ಬಡ್ಡಿ ಇಲ್ಲ.

ಕೂಡಿದರೆ ತಿಂಗಳಿಗೆ 32.2. ಇರುವುದು 28.

ಖಾಸಗಿ ಸಂಸ್ಥೆಯ ಸಾಲದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅದು ಮೋಸವೆಂದು ಯಾರಿಗೂ ತೋಚುವುದಿಲ್ಲ. ತಿಂಗಳಿಗೆ ನೂರಕ್ಕೆ 2, ವರ್ಷಕ್ಕೆ 24 ಎಂದು ಹೇಳಿ ಕೊಟ್ಟಿದ್ದರು. ಆ 24ನ್ನು ಲೆಕ್ಕ ಹಾಕಿದ್ದು ಮೊದಲ ದಿನದ ಪೂರ್ತಿ ಅಸಲಿನ ಮೇಲೆ. ಕಂತು ಕಟ್ಟುತ್ತಾ ಅಸಲು ಕಡಿಮೆಯಾದರೂ ಬಡ್ಡಿ ಕಡಿಮೆಯಾಗುವುದಿಲ್ಲ. ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಅದೇ ಸಾಲದ ದರ ವರ್ಷಕ್ಕೆ ಸುಮಾರು 42 ಶೇಕಡಾ ಆಗುತ್ತದೆ. ಸಾಲದ ಐದು ಶೇಕಡಾವನ್ನು ಸಂಸ್ಕರಣಾ ಶುಲ್ಕವೆಂದು ಮೊದಲೇ ಹಿಡಿದುಕೊಂಡಿದ್ದರು. ಅದನ್ನೂ ಸೇರಿಸಿದರೆ 52. ಬಡ್ಡಿ ಎಷ್ಟು ಎಂದಷ್ಟೇ ಕೇಳಬೇಡಿ, ಕೈಗೆ ಎಷ್ಟು ಬರುತ್ತದೆ, ಒಟ್ಟು ಎಷ್ಟು ವಾಪಸ್ ಹೋಗುತ್ತದೆ, ಎಷ್ಟು ದಿನದಲ್ಲಿ ಹೋಗುತ್ತದೆ ಎಂದು ಕೇಳಿ ಎಂದು ನಾನು ಬಂದವರಿಗೆಲ್ಲ ಹೇಳುವುದು ಈ ಕಾರಣಕ್ಕೆ.

ಹಾಳೆ ತುಂಬಿದ ಮೇಲೆ ಒಂದು ಪ್ರಶ್ನೆ ಕೇಳಿದೆ. "ಹಣ ಸಾಲದಾದಾಗ ಯಾರಿಗೆ ಮೊದಲು ಕಟ್ಟುತ್ತೀರಿ?"

"ಯಾರು ಹೆಚ್ಚು ಸಲ ಫೋನ್ ಮಾಡುತ್ತಾರೋ ಅವರಿಗೆ."

ಮೊಬೈಲಿನ ನಾಲ್ವರು ದಿನಕ್ಕೆ ಇಪ್ಪತ್ತು ಸಲ ಕರೆ ಮಾಡುತ್ತಿದ್ದರು, ಕೆಲಸದ ಜಾಗಕ್ಕೂ ಮಾಡುತ್ತೇವೆಂದು ಹೆದರಿಸುತ್ತಿದ್ದರು. ಖಾಸಗಿ ಸಂಸ್ಥೆಯವರು ಮನೆ ಬಾಗಿಲಿಗೆ ಬರುತ್ತಿದ್ದರು. ಕಾರ್ಡಿನವರು ಸಂದೇಶಗಳ ಮಳೆಗರೆಯುತ್ತಿದ್ದರು. ಬ್ಯಾಂಕ್ ಮಾತ್ರ ಸದ್ದಿಲ್ಲದೆ ಪತ್ರ ಕಳಿಸುತ್ತಿತ್ತು. ಆ ಮೂವರಿಗೂ ಕಟ್ಟಿ ಕೈಯಲ್ಲಿ 4.8 ಉಳಿದರೆ 9ರ ಬ್ಯಾಂಕ್ ಕಂತು ಹೇಗೆ ಸಾಧ್ಯ? ಎರಡು ತಿಂಗಳಿಂದ ಅದನ್ನೇ ಬಿಟ್ಟಿದ್ದರು. ಕೂಗದವರು ಕಾಯುತ್ತಾರೆ ಎಂಬ ನಂಬಿಕೆ.

ಲಕೋಟೆಗಳನ್ನು ಅಲ್ಲೇ ಒಡೆಸಿದೆ. ಮೂರನೆಯ ಪತ್ರದಲ್ಲಿ, ಮೂವತ್ತು ದಿನದೊಳಗೆ ಬಾಕಿ ಕಟ್ಟದಿದ್ದರೆ ಜಾಮೀನುದಾರರಿಂದ ವಸೂಲಿಗೆ ಕ್ರಮ ಕೈಗೊಳ್ಳುವುದಾಗಿ ಬರೆದಿತ್ತು. ಅದರಲ್ಲಿ ಹತ್ತೊಂಬತ್ತು ದಿನ ಆಗಲೇ ಕಳೆದಿದ್ದವು. ಅವರು ಆ ಸಾಲನ್ನು ಎರಡು ಸಲ ಓದಿದರು. ಅಕ್ಕನ ಹೆಸರಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತರು.

ಹಣದ ಒತ್ತಡದಲ್ಲಿರುವ ಮನಸ್ಸು ಹೀಗೆ ಹತ್ತಿರದ ಸದ್ದಿಗಷ್ಟೇ ಓಗೊಡುವುದು ಅಚ್ಚರಿಯಲ್ಲ. ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ನಡೆದು 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅದೇ ರೈತರು ಕೊಯ್ಲಿನ ನಂತರ ಕೈಯಲ್ಲಿ ಹಣವಿದ್ದಾಗ ಬಿಡಿಸಿದಷ್ಟು ಚೆನ್ನಾಗಿ ಬುದ್ಧಿಪರೀಕ್ಷೆಗಳನ್ನು ಕೊಯ್ಲಿಗೆ ಮುಂಚಿನ ಬಡತನದ ದಿನಗಳಲ್ಲಿ ಬಿಡಿಸಲಾರದೆ ಹೋದರು. ಮನುಷ್ಯ ಅವನೇ, ತಲೆಯೊಳಗಿನ ಜಾಗ ಮಾತ್ರ ಚಿಂತೆಗೆ ಹೋಗಿರುತ್ತದೆ. ಆದ್ದರಿಂದ ಸಾಲಗಾರರಿಗೆ ಬುದ್ಧಿ ಹೇಳುವುದಕ್ಕಿಂತ, ಅವರ ಬದಲು ಹಾಳೆ ನೆನಪಿಟ್ಟುಕೊಳ್ಳುವಂತೆ ಮಾಡುವುದು ಹೆಚ್ಚು ಉಪಕಾರ.

ಇನ್ನೊಂದು ಪ್ರಶ್ನೆಯನ್ನು ಸಾಲದ ಪ್ರಕರಣಗಳಲ್ಲಿ ನಾನು ಬಿಡದೆ ಕೇಳುತ್ತೇನೆ, ಸುತ್ತಿ ಬಳಸಿ ಕೇಳುವುದಿಲ್ಲ. ಸಾಯಬೇಕು ಎನ್ನಿಸಿದೆಯೇ? ಅವರು ತಲೆ ತಗ್ಗಿಸಿ, ಪಾಳಿ ಮುಗಿಸಿ ಬೆಳಗಿನ ಜಾವ ಬರುವಾಗ ಒಂದೆರಡು ಸಲ ಅನ್ನಿಸಿದ್ದುಂಟು ಎಂದರು. ಯೋಜನೆಯೇನೂ ಇರಲಿಲ್ಲ. ಆದರೂ ಆ ದಿನ ಸಾಲದ ಮಾತನ್ನು ಅಲ್ಲಿಗೇ ನಿಲ್ಲಿಸಿದೆವು. ಹಾಗೆ ಅನ್ನಿಸಿದ ಗಳಿಗೆಯಲ್ಲಿ ಯಾರಿಗೆ ಫೋನ್ ಮಾಡುತ್ತೀರಿ ಎಂದು ಕೇಳಿ ಎರಡು ಹೆಸರು ಬರೆಸಿದೆ, ಮನೋವೈದ್ಯರ ಬಳಿಗೆ ಕಳುಹಿಸಿದೆ, ಹೆಂಡತಿಗೆ ಅಂದು ರಾತ್ರಿಯೇ ಎಲ್ಲವನ್ನೂ ಹೇಳುವಂತೆ ಕೇಳಿಕೊಂಡೆ. ಹೇಳಿದರು. ಆಕೆಗೆ ಅರ್ಧ ಗೊತ್ತೇ ಇತ್ತಂತೆ.

ಮುಂದಿನ ಭೇಟಿಗೆ ಅವರು ಒಂದು ಉಪಾಯದೊಂದಿಗೆ ಬಂದರು. ಎಲ್ಲ ಸಾಲವನ್ನೂ ತೀರಿಸಿ ಒಂದೇ ಸಾಲವಾಗಿ ಮಾಡಿಕೊಡುತ್ತೇವೆ, ಅಕ್ಕನ ಮನೆಯ ಪತ್ರ ಒತ್ತೆ ಇಟ್ಟರೆ ಸಾಕು ಎಂದು ಮಧ್ಯವರ್ತಿಯೊಬ್ಬರು ಹೇಳಿದ್ದರಂತೆ. ಜೊತೆಗೆ 6 ಕೊಟ್ಟರೆ ಸ್ಕೋರನ್ನೂ ಸರಿಪಡಿಸುತ್ತಾರಂತೆ. ಎರಡಕ್ಕೂ ಬೇಡ ಎಂದು ಖಂಡಿತವಾಗಿ ಹೇಳಿದೆ. ಸಾಲಗಳನ್ನು ಒಂದುಗೂಡಿಸುವುದು ತನ್ನಷ್ಟಕ್ಕೆ ತಪ್ಪಲ್ಲ. ದರ ಕಡಿಮೆ ಇದ್ದು, ಅವಧಿ ಬಹಳ ಉದ್ದವಾಗದಿದ್ದರೆ ಒಳ್ಳೆಯದೇ. ಆದರೆ ಒತ್ತೆಯಿಲ್ಲದ ಸಾಲಕ್ಕೆ ಮನೆಯನ್ನು ಒತ್ತೆ ಇಡುವುದೆಂದರೆ, ಫೋನಿನ ಕಿರುಕುಳವನ್ನು ಕೊಟ್ಟು ಸೂರು ಕಳೆದುಕೊಳ್ಳುವ ಭಯವನ್ನು ಕೊಂಡುಕೊಂಡ ಹಾಗೆ. ಇನ್ನು ಸ್ಕೋರಿನ ಮಾತು. ವರದಿಯಲ್ಲಿರುವ ಸರಿಯಾದ ದಾಖಲೆಯನ್ನು ಹಣ ಪಡೆದು ಅಳಿಸುವ ಅಧಿಕಾರ ಯಾವ ಮಧ್ಯವರ್ತಿಗೂ ಇಲ್ಲ. ತಪ್ಪು ದಾಖಲೆಯಿದ್ದರೆ ನಾವೇ ಅರ್ಜಿ ಬರೆದು ತಿದ್ದಿಸಬಹುದು. ಇವರ ವರದಿಯನ್ನು ತರಿಸಿ ನೋಡಿದಾಗ ಅಂಥದ್ದೊಂದು ಸಿಕ್ಕಿತು ಕೂಡ. ಹಿಂದೆಂದೋ ತೀರಿಸಿದ ಸಾಲವೊಂದು ಇನ್ನೂ ಬಾಕಿ ಎಂದೇ ಇತ್ತು.

ನಾನು ಕೊಟ್ಟ ಸಲಹೆಯ ತಿರುಳು ಇಷ್ಟು. ಇಂದಿನಿಂದ ನವೀಕರಣ ಇಲ್ಲ, ಹೊಸ ಸಾಲವೂ ಇಲ್ಲ. ಕಟ್ಟುವ ಸರದಿಯನ್ನು ಫೋನ್ ನಿರ್ಧರಿಸಬಾರದು. ಕಟ್ಟದಿದ್ದರೆ ಏನಾಗುತ್ತದೆ ಎಂಬುದನ್ನು ನೋಡಿ ಸರದಿಯನ್ನು ಮೊದಲು ಬರೆದಿಡಬೇಕು. ಬಾಡಿಗೆ, ಊಟ, ಔಷಧ ಎಲ್ಲಕ್ಕಿಂತ ಮೇಲೆ. ಅದರ ಕೆಳಗೆ ಇನ್ನೊಬ್ಬರ ಕೊರಳಿಗೆ ಬರುವ ಸಾಲ, ಅಂದರೆ ಅಕ್ಕನ ಜಾಮೀನಿನದು. ಉಳಿದವುಗಳಲ್ಲಿ ಯಾವುದರ ದರ ಹೆಚ್ಚೋ ಅದನ್ನು ಮೊದಲು ಮುಗಿಸಬೇಕು. ಸಂಬಳ ಬಂದ ದಿನವೇ ತೆಗೆದಿಡಲು 1.8 ಇರಲೇಬೇಕು. ಮಗುವಿಗೆ ಜ್ವರ ಬಂದ ಮೊದಲ ರಾತ್ರಿಯೇ ಮತ್ತೆ ಮೊಬೈಲಿನ ಸಾಲಕ್ಕೆ ಕೈ ಹೋಗದಿರಲು ಆ ಪುಟ್ಟ ಗಂಟು ಬೇಕು. ಇದರ ಬಗ್ಗೆ ಅವರು ವಾದಿಸಿದರು, ಅದನ್ನೂ ಸಾಲಕ್ಕೇ ಹಾಕೋಣ ಎಂದರು. ನಾನು ಬಿಡಲಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಅಕ್ಕನಿಗೆ ಹೇಳುವುದು. ಬ್ಯಾಂಕಿನ ಪತ್ರ ಹೋಗುವ ಮುಂಚೆ ನಿಮ್ಮ ಬಾಯಿಂದಲೇ ಅವರಿಗೆ ತಿಳಿಯಬೇಕು, ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ ಎಂದೆ. ಅಕ್ಕ ಸಿಟ್ಟಾದರಂತೆ, ಸಹಿ ಹಾಕಿದ ದಿನವನ್ನು ಶಪಿಸಿದರಂತೆ. ಎರಡು ದಿನದ ಮೇಲೆ ಅವರೇ ತಮ್ಮನ ಜೊತೆ ನನ್ನ ಬಳಿಗೆ ಬಂದರು. ತಮ್ಮ ಉಳಿತಾಯವನ್ನೆಲ್ಲ ಒಡೆದು ಸಾಲ ತೀರಿಸಿಬಿಡುತ್ತೇನೆ ಎಂದರು. ಅಷ್ಟು ಬೇಡ ಎಂದು ತಡೆದೆ. ಒಬ್ಬರ ಕುಣಿಕೆ ಬಿಚ್ಚಲು ಇನ್ನೊಬ್ಬರು ಕೊರಳು ಕೊಡುವ ಸಹಾಯ ಬಹಳ ದಿನ ನಿಲ್ಲುವುದಿಲ್ಲ.

ಬ್ಯಾಂಕಿಗೆ ಅಕ್ಕ, ತಮ್ಮ ಇಬ್ಬರೂ ಹೋದರು. ಆದಾಯ ಮತ್ತು ಖರ್ಚಿನ ಹಾಳೆಯನ್ನು ಮುಂದಿಟ್ಟು ಅವಧಿ ವಿಸ್ತರಿಸಲು ಕೇಳಿದರು. ಬಾಕಿ ಕಂತುಗಳನ್ನು ಅಸಲಿಗೆ ಸೇರಿಸಿ ತಿಂಗಳಿಗೆ 7ಕ್ಕೆ ಇಳಿಸಿದರು. ಇದರಿಂದ ಒಟ್ಟು ಬಡ್ಡಿ ಹೆಚ್ಚಾಗುತ್ತದೆ ನಿಜ, ಆದರೆ ಜಾಮೀನಿನ ಕತ್ತಿ ಕೆಳಗಿಳಿಯಿತು. ಕಾರ್ಡನ್ನು ಮುಚ್ಚಿಸಿ ಬಾಕಿಯನ್ನು ಕಡಿಮೆ ಬಡ್ಡಿಯ ಕಂತುಗಳಾಗಿ ಮಾಡಿಸಿಕೊಂಡೆವು, ತಿಂಗಳಿಗೆ ಅದೇ 4. ಖಾಸಗಿ ಸಂಸ್ಥೆಗೆ ಏಳು ಕಂತುಗಳಷ್ಟೇ ಉಳಿದಿದ್ದರಿಂದ ಮುಟ್ಟಲಿಲ್ಲ.

ಹೀಗೆ 28ರಲ್ಲಿ 7, 4, 6.2 ಮತ್ತು ತೆಗೆದಿಡುವ 1.8 ಕಳೆದು 9 ಮಿಕ್ಕಿತು. ಮೊಬೈಲಿನ ನಾಲ್ವರಿಗೂ ಒಂದೇ ಒಕ್ಕಣೆಯ ಪತ್ರ ಬರೆದೆವು. ಅಸಲನ್ನು ಐದು ತಿಂಗಳಲ್ಲಿ ಕಟ್ಟುತ್ತೇವೆ, ಇಂದಿನಿಂದ ಶುಲ್ಕ ನಿಲ್ಲಿಸಿ, ಮುಂದಿನ ಮಾತೆಲ್ಲ ಬರವಣಿಗೆಯಲ್ಲೇ ಇರಲಿ, ಕೆಲಸದ ಜಾಗಕ್ಕೆ ಕರೆ ಮಾಡಬೇಡಿ. ಅದರ ಜೊತೆ ಈವರೆಗೆ ಕಟ್ಟಿದ ಶುಲ್ಕದ ಪಟ್ಟಿಯನ್ನೂ ಲಗತ್ತಿಸಿದೆವು. ಎಂಟು ತಿಂಗಳಲ್ಲಿ ಒಟ್ಟು 63 ಶುಲ್ಕ ಹೋಗಿತ್ತು, ಮೊದಲನೆಯ 10ರ ಸಾಲಕ್ಕೇ 27. ಬ್ರಿಟನ್ನಿನಲ್ಲಿ 2015ರ ಜನವರಿಯಿಂದ ಇಂಥ ಅಲ್ಪಾವಧಿ ಸಾಲಗಳಿಗೆ ಬಡ್ಡಿ, ಶುಲ್ಕ ಎಲ್ಲ ಸೇರಿ ಪಡೆದ ಅಸಲಿಗಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ. ಅಂಥ ಮಿತಿ ಎಲ್ಲ ಕಡೆಯೂ ಬರಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಆ ಪಟ್ಟಿ ನೋಡಿದ ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ.

ಇಬ್ಬರು ವಾರದೊಳಗೆ ಒಪ್ಪಿದರು. ಮೂರನೆಯವರು ಎರಡನೆಯ ಪತ್ರಕ್ಕೆ ಒಪ್ಪಿದರು. ನಾಲ್ಕನೆಯವರು ಜಗ್ಗಲಿಲ್ಲ. ಆ ಒಂದು 10ನ್ನು ಮಾತ್ರ ಅಕ್ಕ ನೇರವಾಗಿ ಅವರಿಗೇ ಕಟ್ಟಿ ಸಾಲ ಮುಗಿದ ಪತ್ರ ಪಡೆದರು. ತಮ್ಮ ಅದನ್ನು ಅಕ್ಕನಿಗೆ ಯಾವಾಗ, ಹೇಗೆ ಹಿಂತಿರುಗಿಸಬೇಕೆಂದು ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿದರು. ಒಡಹುಟ್ಟಿದವರ ನಡುವೆ ಕಾಗದವೇಕೆ ಎಂದು ಇಬ್ಬರಿಗೂ ಮುಜುಗರವಾಯಿತು. ಒಡಹುಟ್ಟಿದವರಾಗಿಯೇ ಉಳಿಯಲೆಂದು ಎಂದೆ. ಸಹೋದ್ಯೋಗಿಗೆ, ನಿಮ್ಮದು ಆರನೆಯ ತಿಂಗಳಿಂದ ಎಂದು ಇವರೇ ಹೋಗಿ ಹೇಳಿದರು. ಅವರು ಕೊಟ್ಟದ್ದನ್ನು ಮರೆತೇ ಇದ್ದರಂತೆ. ಇವರು ಮಾತ್ರ ಏಳು ತಿಂಗಳಿಂದ ಅವರ ಕಣ್ಣು ತಪ್ಪಿಸಿ ಓಡಾಡುತ್ತಿದ್ದರು.

ನಾಲ್ಕು ತಿಂಗಳಲ್ಲಿ ಮೊಬೈಲಿನ ಸಾಲಗಳು ಮುಗಿದವು. ಮುಗಿದ ವಾರವೇ ಅವರಲ್ಲೊಬ್ಬರಿಂದ ಸಂದೇಶ ಬಂತು. ನೀವು ಉತ್ತಮ ಗ್ರಾಹಕರು, ಈಗ ಮೂರು ಪಟ್ಟು ಹೆಚ್ಚಿನ ಸಾಲಕ್ಕೆ ಅರ್ಹರು. ಅದನ್ನು ತೋರಿಸಲೆಂದೇ ಅವರು ನನ್ನ ಬಳಿಗೆ ಬಂದರು. "ಒಂದು ಕ್ಷಣ ಖುಷಿಯಾಯಿತು ಮೇಡಂ, ಯಾರೋ ನನ್ನನ್ನು ಒಳ್ಳೆಯವನು ಎಂದರಲ್ಲ ಎಂದು" ಎಂದರು. ಅಲ್ಲೇ ಕುಳಿತು ಆ್ಯಪನ್ನು ಅಳಿಸಿದರು.

ಸ್ಕೋರ್ ಇನ್ನೂ ಕೆಳಗೇ ಇದೆ. ತಪ್ಪು ದಾಖಲೆ ತಿದ್ದಿದ್ದರಿಂದ ಸ್ವಲ್ಪ ಏರಿದೆ, ಉಳಿದದ್ದು ಸಮಯಕ್ಕೆ ಕಟ್ಟಿದ ಕಂತುಗಳಿಂದಲೇ ಏರಬೇಕು. ಬ್ಯಾಂಕಿನ ಸಾಲ ಮುಗಿಯಲು ಮೂರು ವರ್ಷಕ್ಕೂ ಹೆಚ್ಚು ಕಾಲ ಬೇಕು. ಕಳೆದ ಭೇಟಿಯಲ್ಲಿ ಅವರ ಮೊಬೈಲ್ ಮೇಜಿನ ಮೇಲೆ ಮುಖ ಮೇಲಾಗಿ ಇತ್ತು. ಅದರ ಪಕ್ಕದಲ್ಲಿ ಬ್ಯಾಂಕಿನಿಂದ ಬಂದ ಹೊಸ ಲಕೋಟೆ, ಅಂಚಿನಲ್ಲಿ ಹರಿದು ಒಡೆದದ್ದು.