ಕೋಳಿಗೂಡು ದಿನಾ ತೊಳೆಯುವುದನ್ನು ಮೊದಲು ನಿಲ್ಲಿಸಿ ಅಕ್ಕ

ಬ್ರಹ್ಮಾವರದ ಅಕ್ಕ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಹನ್ನೆರಡು ಊರಿನ ಕೋಳಿ, ದಿನಾ ಬೆಳಿಗ್ಗೆ ಪೈಪು ಹಿಡಿದು ಗೂಡು ತೊಳೆದು ಫಿನಾಯಿಲ್ ಹಾಕುತ್ತೀರಿ. ಆದರೂ ನಾತ ಹೋಗುವುದಿಲ್ಲ, ಎರಡು ಮರಿ ರಕ್ತ ಬೆರೆತ ಹಿಕ್ಕೆ ಹಾಕಿ ಸತ್ತವು, ಮೊನ್ನೆ ರಾತ್ರಿ ಒಂದು ಹೇಂಟೆಯನ್ನು ಏನೋ ಕೊಂಡುಹೋಯಿತು. ನಾನು ಕಿನ್ನಿಗೋಳಿ ಕಡೆಯವನು, ನಮ್ಮಲ್ಲೂ ಇದೇ ಮಳೆ. ನನಗೆ ಕಾಣುವುದು ಇಷ್ಟು: ನಿಮ್ಮ ಗೂಡಿಗೆ ನೀರು ಹೆಚ್ಚಾಗಿದೆ.

ರಕ್ತಭೇದಿ ತರುವುದು ಕಾಕ್ಸಿಡಿಯಾ ಎಂಬ ಕಣ್ಣಿಗೆ ಕಾಣದ ಪರೋಪಜೀವಿ. ಹಿಕ್ಕೆಯ ಜೊತೆ ಹೊರಗೆ ಬೀಳುವಾಗ ಅದಕ್ಕೆ ರೋಗ ಹತ್ತಿಸುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಸೆಕೆ, ಪಸೆ ಎರಡೂ ಸಿಕ್ಕಿದರೆ ಒಂದೆರಡು ದಿನದಲ್ಲಿ ಬಲಿಯುತ್ತದೆ, ಮರಿಗಳು ಅದನ್ನೇ ಕುಕ್ಕಿ ತಿನ್ನುತ್ತವೆ. ಆಟಿ ತಿಂಗಳ ಜಡಿಮಳೆಯಲ್ಲಿ ತೊಳೆದ ನೆಲ ಸಂಜೆಯಾದರೂ ಒಣಗುತ್ತದಾ ಹೇಳಿ? ಫಿನಾಯಿಲಿಗಾಗಲಿ ಬ್ಲೀಚಿಂಗ್ ಹುಡಿಗಾಗಲಿ ಅದು ಸಾಯುವುದಿಲ್ಲ, ಒಣಗಿದರೆ ಸಾಯುತ್ತದೆ. ಇನ್ನೊಂದು ವಿಷಯ, ಹಿಕ್ಕೆ ಇರುವ ಒದ್ದೆ ನೆಲಕ್ಕೆ ಬ್ಲೀಚಿಂಗ್ ಹುಡಿ ಹಾಕಲೇಬೇಡಿ. ಹಿಕ್ಕೆಯ ಅಮೋನಿಯಾದ ಜೊತೆ ಸೇರಿ ವಿಷದ ಗಾಳಿ ಏಳುತ್ತದೆ, ಕೋಳಿಗೂ ಕೆಡುಕು, ನಿಮಗೂ ಕೆಡುಕು. ಉಳಿದ ಮರಿಗಳು ರೆಕ್ಕೆ ಇಳಿಬಿಟ್ಟು ತೂಕಡಿಸುತ್ತಿದ್ದರೆ ಇವತ್ತೇ ಪಶು ಆಸ್ಪತ್ರೆಗೆ ಹೋಗಿ. ನೀರಿಗೆ ಹಾಕುವ ಮದ್ದು ಉಂಟು, ಪ್ರಮಾಣ ಡಾಕ್ಟರೇ ಹೇಳಬೇಕು.

ಈಗ ನೆಲದ ಕೆಲಸ. ಹಳೆಯದನ್ನೆಲ್ಲ ಕೆರೆದು ತೆಗೆಯಿರಿ, ಎರಡು ದಿನ ಗಾಳಿಯಾಡಲಿ, ಅಷ್ಟು ದಿನ ಕೋಳಿಗಳು ಬೇರೆ ಕಡೆ ಇರಲಿ. ಮತ್ತೆ ನಾಲ್ಕರಿಂದ ಆರು ಇಂಚು ದಪ್ಪಕ್ಕೆ ಭತ್ತದ ಉಮಿ ಅಥವಾ ಮರದ ಹುಡಿ ಹಾಸಿ. ರೈಸ್ ಮಿಲ್ಲಿನಲ್ಲಿ ಕೇಳಿದರೆ ಉಮಿ ಸಿಗುತ್ತದೆ, ಮಳೆಗೆ ಮೊದಲೇ ನಾಲ್ಕು ಗೋಣಿ ತಂದು ಅಟ್ಟದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಎರಡು ದಿನಕ್ಕೊಮ್ಮೆ ಸಣ್ಣ ಹಾರೆಯಲ್ಲಿ ಮಗುಚಿ. ಒಂದು ಮುಷ್ಟಿ ಹಿಡಿದು ಒತ್ತಿ ನೋಡಿ, ಉಂಡೆ ಕಟ್ಟಿದರೆ ಒದ್ದೆ ಹೆಚ್ಚಾಗಿದೆ ಎಂದರ್ಥ. ಆ ಜಾಗದ್ದನ್ನು ಮಾತ್ರ ಬಾಚಿ ತೆಗೆದು ಹೊಸತು ಹಾಕಿ. ನಾತದ ಪರೀಕ್ಷೆ ನಿಂತುಕೊಂಡು ಮಾಡಬೇಡಿ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಕೋಳಿಯ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತು ಉಸಿರೆಳೆಯಿರಿ. ಕಣ್ಣು ಉರಿದರೆ ಅದು ಅಮೋನಿಯಾ, ಕೋಳಿಗಳು ರಾತ್ರಿಯಿಡೀ ಅದನ್ನೇ ಉಸಿರಾಡಿವೆ.

ಗೂಡಿಗೆ ಸುಣ್ಣ ಹಾಕಿ ಎಂದು ಇಲ್ಲಿ ಕೆಲವರು ನಿಮಗೆ ಬರೆದಿದ್ದಾರೆ. ಖಾಲಿ ಮಾಡಿ ಒಣಗಿಸಿದ ನೆಲಕ್ಕೆ, ಗೋಡೆಗೆ ಸುಣ್ಣ ಒಳ್ಳೆಯದೇ. ಒದ್ದೆ ಹಾಸಿನ ಮೇಲೆ ಚೆಲ್ಲಿದರೆ ಮಾತ್ರ ಅಮೋನಿಯಾ ಇನ್ನೂ ಹೆಚ್ಚು ಏಳುತ್ತದೆ.

ಕೋಳಿ ರಾತ್ರಿ ಕೂರುವ ಕೋಲಿನ ಅಡಿಗೆ ಒಂದು ಹಳೆಯ ಶೀಟು ಇಟ್ಟು ಬೂದಿ ಉದುರಿಸಿ. ರಾತ್ರಿಯ ಹಿಕ್ಕೆಯೆಲ್ಲ ಅದರ ಮೇಲೆ ಬೀಳುತ್ತದೆ, ಬೆಳಿಗ್ಗೆ ಐದು ನಿಮಿಷದಲ್ಲಿ ಕೆರೆದು ತೆಗೆಯಬಹುದು. ನನ್ನ ಅನುಭವದಲ್ಲಿ ಇಷ್ಟು ಸಣ್ಣ ಖರ್ಚಿಗೆ ಇಷ್ಟು ಲಾಭ ಕೊಟ್ಟದ್ದು ಬೇರೆ ಇಲ್ಲ. ಆ ಗೊಬ್ಬರವನ್ನು ಹಸಿಯಾಗಿ ಮಲ್ಲಿಗೆ ಬುಡಕ್ಕೆ ಹಾಕಬೇಡಿ, ಬೇರು ಸುಡುತ್ತದೆ. ತರಗೆಲೆ ಜೊತೆ ಎರಡು ಮೂರು ತಿಂಗಳು ಕೊಳೆಯಲಿ.

ಗೂಡಿನ ಮಾಡು (ಛಾವಣಿ) ಸೋರುತ್ತಿದ್ದರೆ ಈ ಯಾವ ಕೆಲಸದಿಂದಲೂ ಪ್ರಯೋಜನ ಇಲ್ಲ. ನಮ್ಮಲ್ಲಿ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಮೊದಲೇ ಹಂಚು ನೋಡಿ ಮುಗಿಸುತ್ತೇವೆ. ಗಾಳಿಮಳೆ ಬರುವುದು ಪಡುವಣ ಕಡೆಯಿಂದ, ಹಾಗಾಗಿ ಜಾಲರಿಯ ಬದಿ ಮೂಡಣಕ್ಕೆ ಇರಲಿ, ಪಡುವಣಕ್ಕೆ ಟರ್ಪಾಲು ಕಟ್ಟಿ. ಆದರೆ ನಾಲ್ಕೂ ಬದಿ ಮುಚ್ಚಬೇಡಿ, ಮಾಡಿನ ಕೆಳಗೆ ಒಂದು ಗೇಣು ಗಾಳಿಗೆ ಬಿಡಿ.

ಹೇಂಟೆ ಹೋದದ್ದಕ್ಕೆ ಬರುತ್ತೇನೆ. ನನಗೂ ಒಮ್ಮೆ ಆಗಿದೆ. ನೀರು ಹೋಗಲಿ ಎಂದು ಮುರಕಲ್ಲಿನ ಗೋಡೆಯ ಬುಡದಲ್ಲಿ ಒಂದು ತೂತು ಬಿಟ್ಟಿದ್ದೆ, ಅದರಲ್ಲೇ ಮುಂಗುಸಿ ನುಗ್ಗಿ ಒಂದೇ ಸಲಕ್ಕೆ ಐದು ಮರಿ ಕೊಂದಿತ್ತು. ಆ ಬೆಳಿಗ್ಗೆ ತಾಯಿ ಕೋಳಿ ಮೂಲೆಯಲ್ಲಿ ನಿಂತಿದ್ದ ರೀತಿ ಈಗಲೂ ಕಣ್ಣೆದುರು ಉಂಟು. ಅಂಗಡಿಯಲ್ಲಿ ಕೋಳಿ ಬಲೆ ಎಂದು ಕೊಡುವ ತೆಳು ಆರುಮೂಲೆ ಬಲೆ ಕೋಳಿಯನ್ನು ಒಳಗೆ ಇಡುತ್ತದೆಯೇ ಹೊರತು ನಾಯಿಯನ್ನು ಹೊರಗೆ ಇಡುವುದಿಲ್ಲ. ಅರ್ಧ ಇಂಚು ಕಣ್ಣಿನ ವೆಲ್ಡ್ ಮಾಡಿದ ಜಾಲರಿಯನ್ನೇ ಹಾಕಿ, ನೀರಿನ ತೂತಿಗೂ ಅದನ್ನೇ ಬಡಿಯಿರಿ, ಬುಡದಲ್ಲಿ ಒಂದು ಅಡಿ ಮಣ್ಣೊಳಗೆ ಇಳಿಸಿ. ಅಡಿಕೆ ಮರ ಸೀಳಿದ ದಬ್ಬೆಯ ಎತ್ತರದ ನೆಲ ಇದ್ದರೆ ಅಡಿಯಿಂದಲೂ ಜಾಲರಿ ಬೇಕು. ಬಾಗಿಲಿಗೆ ಬರೀ ಅಗುಳಿ ಸಾಲದು, ಕೊಕ್ಕೆಯೂ ಇರಲಿ. ಹೆಬ್ಬಾವು ಕಂಡರೆ ಹೊಡೆಯಬೇಡಿ, ಅರಣ್ಯ ಇಲಾಖೆಗೆ ಹೇಳಿ.

ಹಾವು ಹೆಚ್ಚಾಗಿ ಇಲಿಯ ಬೆನ್ನು ಹಿಡಿದು ಬರುತ್ತದೆ, ಇಲಿ ತೌಡಿನ ಬೆನ್ನು ಹಿಡಿದು. ಆಹಾರ ಮುಚ್ಚಳದ ಡಬ್ಬದಲ್ಲಿರಲಿ, ರಾತ್ರಿ ಗೂಡಿನೊಳಗೆ ಉಳಿಸಬೇಡಿ, ಮೊಟ್ಟೆಯನ್ನು ದಿನಕ್ಕೆ ಎರಡು ಸಲ ತೆಗೆಯಿರಿ. ಇಲಿಯ ಮೂತ್ರ ಬೆರೆತ ನೀರು, ಕೆಸರಿನಿಂದ ಹತ್ತುವ ಇಲಿಜ್ವರ ನಮ್ಮ ಕರಾವಳಿ ಜಿಲ್ಲೆಗಳಲ್ಲಿ ಮಳೆಗಾಲದ ಕಾಯಿಲೆ ಎಂದು ನಿಮಗೆ ಗೊತ್ತೇ ಉಂಟು. ಕಾಲಲ್ಲಿ ಗಾಯ ಇದ್ದರೆ ಗಂಬೂಟು ಹಾಕದೆ ಆ ಕೆಸರಿಗೆ ಇಳಿಯಬೇಡಿ. ಬೂಸು ಹಿಡಿದ ಜೋಳ, ಹಿಂಡಿ ಕೋಳಿಗೂ ವಿಷ, ನಷ್ಟವಾದರೂ ಬಿಸಾಡಿ. ಒಣ ಹಾಸು ಮಗುಚುವಾಗ ಮೂಗಿಗೆ ಬಟ್ಟೆ ಕಟ್ಟಿ, ಕೆಲಸ ಆದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮಕ್ಕಳ ಕೈಯನ್ನೂ ತೊಳೆಸಿ.

ಕೋಳಿ ತುರಿಸಿಕೊಳ್ಳುತ್ತದೆ ಎಂದೂ ಬರೆದಿದ್ದೀರಿ. ಇವತ್ತು ರಾತ್ರಿ ಒಂಬತ್ತರ ನಂತರ ಟಾರ್ಚು ಹಿಡಿದು ಕೂರುವ ಕೋಲಿನ ತುದಿ, ಸಂದು ನೋಡಿ. ಹಗಲು ಸಂದಿನಲ್ಲಿ ಅಡಗಿ ರಾತ್ರಿ ರಕ್ತ ಹೀರುವ ಕೆಂಪು ಹುಳ ಒಂದು ಉಂಟು, ಸಾಸಿವೆಗಿಂತ ಸಣ್ಣದು. ಬಿದಿರಿನ ಕೋಲಾದರೆ ಟೊಳ್ಳಿನೊಳಗೆ ತುಂಬಿರುತ್ತದೆ, ಅದನ್ನು ಸುಟ್ಟುಬಿಡಿ. ಮರದ್ದಾದರೆ ಕುದಿಯುವ ನೀರು ಹೊಯ್ದು, ಬಿಸಿಲಿಗೆ ಇಟ್ಟು, ಸಂದಿಗೆ ಬೇವಿನ ಎಣ್ಣೆ ಸವರಿ. ಹೊರಗೆ ಮಳೆ ಬೀಳದ ಮೂಲೆಯಲ್ಲಿ ಮರಳು, ಒಲೆಯ ಬೂದಿ ಹಾಕಿಡಿ, ಅವೇ ಹೊರಳಾಡಿ ಹೇನು ಕೊಡವಿಕೊಳ್ಳುತ್ತವೆ. ಕೋಲಿನ ತುದಿಯದ್ದು, ಬಾಗಿಲಿನದ್ದು ಎರಡು ಫೋಟೋ ನಾಳೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.