ಅಕ್ಕನ ಮನೆ ದಾರಿಯ ಹೋಟೆಲಲ್ಲ

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ. ದಸರಾ ರಜೆಯಲ್ಲಿ ಏಳು ವರ್ಷದ ಮಗಳು, ಎರಡೂವರೆ ವರ್ಷದ ಮಗನನ್ನು ಕರೆದುಕೊಂಡು ಸ್ವಂತ ಕಾರಿನಲ್ಲಿ ಘಟ್ಟ ಇಳಿಯುವ ಯೋಚನೆ. ಮೂರು ದಿನದಲ್ಲಿ ಉಡುಪಿ, ಮಲ್ಪೆ, ಕೊಲ್ಲೂರು, ಮುರುಡೇಶ್ವರ, ಗೋಕರ್ಣ, ಬರುವಾಗ ಜೋಗ. ನಡುವೆ ಕುಂದಾಪುರದ ಅಕ್ಕನ ಮನೆಯಲ್ಲಿ ಒಂದು ಮಧ್ಯಾಹ್ನದ ಊಟ. ಮಗಳಿಗೆ ವಾಹನ ಆಗಿಬರುವುದಿಲ್ಲ. ರಾತ್ರಿ ಎರಡಕ್ಕೆ ಹೊರಟರೆ ಮಕ್ಕಳು ಮಲಗಿರುತ್ತವೆ, ವಾಂತಿಯ ಕಾಟವಿಲ್ಲ ಎನ್ನುವುದು ಯಜಮಾನರ ವಾದ. ಬೆಳಕು ಹರಿದ ಮೇಲೆ ಹೊರಡಿ ಎನ್ನುವುದು ಅತ್ತೆಯವರ ಮಾತು. “ಯಾರು ಹೇಳುವುದು ಸರಿ? ಯಾವ ಘಾಟಿಯಲ್ಲಿ ಇಳಿಯಲಿ?” ಎಂದು ಕೇಳಿದ್ದಾರೆ.

ಸೋದರಿ, ನಿಮ್ಮ ಅತ್ತೆಯವರ ಮಾತೇ ಸರಿ. ಯಜಮಾನರ ಮಾತಿನಲ್ಲೂ ಹುರುಳಿದೆ. ನಿದ್ದೆಯಲ್ಲಿರುವ ಮಗುವಿಗೆ ವಾಂತಿ ಕಡಿಮೆ, ರಸ್ತೆಯೂ ಖಾಲಿ ಇರುತ್ತದೆ. ಆದರೆ ಕಾರು ಓಡಿಸುವವರಿಗೆ ನಿದ್ದೆ ಒತ್ತರಿಸಿಕೊಂಡು ಬರುವುದು ರಾತ್ರಿ ಎರಡರಿಂದ ಬೆಳಗಿನ ಐದರೊಳಗೆ. ಎರಡಕ್ಕೆ ಹೊರಟವರು ಘಾಟಿಯ ತಲೆಗೆ ಬರುವುದು ಆ ಹೊತ್ತಿನಲ್ಲೇ. ಅಲ್ಲಿ ಮಂಜು ಕವಿದಿದ್ದರೆ ಹೈಬೀಮ್ ಹಾಕಿದಷ್ಟೂ ಎದುರಿಗೆ ಬಿಳಿ ಗೋಡೆ ಎದ್ದು ನಿಲ್ಲುತ್ತದೆ. ತಿರುವಿನಾಚೆ ಕಾಟಿ (ಕಾಡುಕೋಣ) ನಿಂತಿದ್ದರೂ ಕಾಣುವುದಿಲ್ಲ. ಮಗುವಿನ ನಿದ್ದೆಗಾಗಿ ಚಾಲಕರ ನಿದ್ದೆ ಕೆಡಿಸುವುದು ಬೇಡ.

ಬೆಳಿಗ್ಗೆ ಆರೂವರೆಗೆ ಹೊರಡಿ. ಅದಕ್ಕೆ ಮುಕ್ಕಾಲು ಗಂಟೆ ಮೊದಲು ಮಗಳಿಗೆ ಎರಡು ಇಡ್ಲಿ ಸಾಕು. ತುಪ್ಪ, ಚಟ್ನಿಪುಡಿ ಎಣ್ಣೆ, ಲೋಟ ತುಂಬ ಹಾಲು ಬೇಡ. ಖಾಲಿ ಹೊಟ್ಟೆಯೂ ಬೇಡ, ಅದು ಇನ್ನೂ ಬೇಗ ತೊಳಸುತ್ತದೆ. ತೀರ್ಥಹಳ್ಳಿಯಲ್ಲಿ ಇಳಿದು ಹದಿನೈದು ನಿಮಿಷ ನಡೆಸಿ. ಮಾಸ್ತಿಕಟ್ಟೆ, ಹುಲಿಕಲ್ ದಾಟಿ ಹೊಸಂಗಡಿಗೆ ಇಳಿಯುವ ಬಾಳೆಬರೆ ಘಾಟಿಯೇ ಕುಂದಾಪುರಕ್ಕೆ ನೇರ ದಾರಿ. ಆಗುಂಬೆಯ 14 ತಿರುವು ಉಡುಪಿಗೆ ಹೋಗುವವರಿಗಿರಲಿ. ಮಳೆ ಜೋರಾಗಿದ್ದರೆ ಎರಡು ಘಾಟಿಯಲ್ಲೂ ಮಣ್ಣು ಜರಿಯುತ್ತದೆ. ಹಿಂದಿನ ದಿನ ಸಂಜೆ ಹೊಸಂಗಡಿಯಾಚೆಯ ಸಿದ್ದಾಪುರದ ಕಡೆಯವರಿಗೆ ಫೋನ್ ಮಾಡಿ ರಸ್ತೆ ಹೇಗಿದೆ ಎಂದು ಕೇಳಿ.

ವಾಂತಿ ಏಕೆ ಬರುತ್ತದೆಂದು ತಿಳಿದರೆ ಅರ್ಧ ಉಪಾಯ ಸಿಕ್ಕಂತೆ. ಹಿಂದಿನ ಸೀಟಿನಲ್ಲಿ ಕೂತ ಏಳು ವರ್ಷದ ಹುಡುಗಿಯ ಕಣ್ಣಿನ ಎತ್ತರಕ್ಕೆ ನೀವೇ ಒಮ್ಮೆ ತಲೆ ಬಗ್ಗಿಸಿ ನೋಡಿ. ಕಾಣುವುದು ಮುಂದಿನ ಸೀಟಿನ ಬೆನ್ನು ಮಾತ್ರ. ಒಳಕಿವಿ “ತಿರುಗುತ್ತಿದ್ದೇವೆ” ಎನ್ನುತ್ತದೆ, ಕಣ್ಣು “ಏನೂ ಅಲ್ಲಾಡುತ್ತಿಲ್ಲ” ಎನ್ನುತ್ತದೆ. ಈ ತಿಕ್ಕಾಟವೇ ಹೊಟ್ಟೆಗಿಳಿಯುವುದು. ಎರಡು ವರ್ಷದೊಳಗಿನ ಕೂಸುಗಳಿಗೆ ಇದು ಅಪರೂಪ. ಎರಡರಿಂದ ಹನ್ನೆರಡರವರೆಗೆ ಕಾಟ ಹೆಚ್ಚು. ಹಾಗಾಗಿ ಮಗಳನ್ನು ಬೂಸ್ಟರ್ ಸೀಟಿನ ಮೇಲೆ ಎತ್ತರಕ್ಕೆ ಕೂರಿಸಿ. ಗಾಜಿನಾಚೆಯ ದೂರದ ಗುಡ್ಡ ಕಾಣಬೇಕು. ಮೊಬೈಲು, ಚಿತ್ರದ ಪುಸ್ತಕ ಎರಡನ್ನೂ ತೀರ್ಥಹಳ್ಳಿಯಲ್ಲೇ ಚೀಲಕ್ಕೆ ಹಾಕಿ. ಆಕಳಿಕೆ, ಮುಖ ಬಿಳಿಚುವುದು, ಬಾಯಲ್ಲಿ ನೀರೂರುವುದು ಮೊದಲ ಸೂಚನೆ. ಆಗಲೇ ಅಗಲವಾದ ಜಾಗ ನೋಡಿ ನಿಲ್ಲಿಸಿ. ವಾಂತಿಯ ಮಾತ್ರೆಯನ್ನು ಮಕ್ಕಳ ವೈದ್ಯರನ್ನು ಕೇಳದೆ ಕೊಡಬೇಡಿ. ದೊಡ್ಡವರ ಮಾತ್ರೆ ಮುರಿದು ಅರ್ಧ ಕೊಡುವುದಂತೂ ಬೇಡವೇ ಬೇಡ.

ಇಳಿಯುವಾಗ ಮಕ್ಕಳು ಕಿವಿ ಹಿಡಿದುಕೊಂಡು ಅಳುವುದೂ ಉಂಟು. ಗಾಳಿಯ ಒತ್ತಡ ಏರಿ ಕಿವಿ ಕಟ್ಟುತ್ತದೆ, ಗುಟುಕು ಗುಟುಕಾಗಿ ನೀರು ಕುಡಿಸಿದರೆ ಬಿಡುತ್ತದೆ. ಚಂಡಿಕಾಂಬೆಯ ಗುಡಿಯ ಬಳಿ ವಾಹನಗಳು ಹೇಗೂ ನಿಲ್ಲುತ್ತವೆ, ನೀವೂ ಕೈಮುಗಿದು ನೀರು ಕುಡಿಸಿ ಹೊರಡಿ.

ಮಗನನ್ನು ಎಲ್ಲಿ ಕೂರಿಸುತ್ತೀರೆಂದು ನೀವು ಬರೆದಿಲ್ಲ. ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಅಂತಾದರೆ ಸ್ವಲ್ಪ ಗದರಲೇಬೇಕು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಕಾರು ಗುದ್ದಿ ನಿಂತರೆ ಹತ್ತು ಕಿಲೋ ಮಗು ಆ ಕ್ಷಣ ನೂರೈವತ್ತು ಕಿಲೋದಷ್ಟು ಎಳೆಯುತ್ತದೆ. ಯಾವ ತಾಯಿಯ ಕೈಗೂ ಅದು ನಿಲ್ಲದು. ಏರ್‌ಬ್ಯಾಗ್ ಉಬ್ಬಿದರೆ ಇನ್ನೂ ಅಪಾಯ. 2019ರ ತಿದ್ದುಪಡಿಯ ನಂತರ ಹದಿನಾಲ್ಕು ವರ್ಷದೊಳಗಿನ ಮಗುವಿಗೆ ಬೆಲ್ಟು ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ ಸಾವಿರ ರೂಪಾಯಿ ದಂಡವೂ ಇದೆ. ಸೀಟು ಕೊಂಡರೆ ಮುಗಿಯಲಿಲ್ಲ. ಬೆಲ್ಟು ಹಾಯುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿ, ಒಂದಿಂಚಿಗಿಂತ ಹೆಚ್ಚು ಜರುಗಿದರೆ ಸಡಿಲವಿದೆ. ಮಗುವಿನ ಹೆಗಲ ಬಳಿ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಲು ಬಂದರೆ ಇನ್ನೂ ಬಿಗಿಯಬೇಕು. ಮಗಳಿಗೆ ಬೆಲ್ಟಿನ ಕೆಳಭಾಗ ಹೊಟ್ಟೆಯ ಮೇಲಲ್ಲ, ಸೊಂಟದ ಎಲುಬಿನ ಮೇಲೆ ಕೂರಬೇಕು.

ಯಜಮಾನರಿಗೂ ಒಂದು ಮಾತು. ಹತ್ತುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು. ಬ್ರೇಕ್ ಮೇಲೇ ಕಾಲಿಟ್ಟು ಇಳಿದರೆ ಅರ್ಧ ದಾರಿಗೆ ಸುಟ್ಟ ವಾಸನೆ ಬರುತ್ತದೆ, ಪೆಡಲ್ ಹಿಡಿತ ಬಿಡುತ್ತದೆ. ಆಗ ನಿಲ್ಲಿಸಿ ತಾನಾಗಿ ಆರಲು ಬಿಡಬೇಕು, ನೀರು ಹೊಯ್ಯಬಾರದು. ನ್ಯೂಟ್ರಲ್‌ನಲ್ಲಿ ಜಾರಿಬಿಡುವ ಉಳಿತಾಯ ಯಾರಿಗೂ ಬೇಡ. ಹತ್ತಿ ಬರುವ ವಾಹನಕ್ಕೆ ದಾರಿ ಬಿಡಬೇಕಾದವರು ಇಳಿಯುವವರು. ಮರಳುವಾಗ ಅಕ್ಕ ಕೊಡುವ ತೆಂಗಿನಕಾಯಿಯನ್ನು ಹಿಂಗಾಜಿನ ಹಲಗೆಯ ಮೇಲೆ ಇಡಬೇಡಿ. ಗಕ್ಕನೆ ಬ್ರೇಕ್ ಹಾಕಿದಾಗ ಅದು ಬಂದು ಬಡಿಯುವುದು ಮಕ್ಕಳ ತಲೆಗೆ. ಡಿಕ್ಕಿಯಲ್ಲಿ, ತಳಕ್ಕೆ ಇಡಿ.

ಇನ್ನು ನಿಮ್ಮ ಪಟ್ಟಿ. ಆರು ಜಾಗದಲ್ಲಿ ಐದನ್ನು ಹೊಡೆದುಹಾಕಿ ಎನ್ನುತ್ತೇನೆ. ಉಳಿಯಬೇಕಾದದ್ದು ಆ ಪಟ್ಟಿಯಲ್ಲೇ ಇಲ್ಲದ ಅಕ್ಕನ ಮನೆ, ಜೊತೆಗೆ ಒಂದು ಕಡಲತೀರ. ನೀವು ಬರೆದ ಹಾಗೆ ಹೋದರೆ ಮೂರನೆಯ ದಿನ ಗೋಕರ್ಣದಿಂದ ಜೋಗದ ಮೇಲೆ ಶಿವಮೊಗ್ಗಕ್ಕೆ ಮಕ್ಕಳನ್ನು ಆರೇಳು ಗಂಟೆ ಬೆಲ್ಟಿನಲ್ಲಿ ಕಟ್ಟಿ ತರಬೇಕು. ಜೋಗ ನಮ್ಮ ಜಿಲ್ಲೆಯದೇ, ಸುಮಾರು ನೂರು ಕಿ.ಮೀ. ದೂರ. ನೀರು ಧುಮುಕುವ ಆಗಸ್ಟಿನ ಒಂದು ಭಾನುವಾರ ಹೋಗಿಬನ್ನಿ.

ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಇರುವ ನಂಟು ಪ್ರವಾಸಿಗರದಲ್ಲ. ಕೆಳದಿ ಅರಸರ ಬಿದನೂರು ಈಗಿನ ನಗರ. ಕುಂದಾಪುರದ ಬಳಿಯ ಬಸ್ರೂರಿನ ಬಂದರಿಗೂ ಅದಕ್ಕೂ ಇದೇ ಹೊಸಂಗಡಿ ಘಾಟಿಯೇ ದಾರಿ. ಮೇಲಿಂದ ಅಡಿಕೆ, ಮೆಣಸು ಇಳಿಯಿತು, ಕೆಳಗಿಂದ ಉಪ್ಪು, ಒಣಮೀನು ಹತ್ತಿತು. ಹಿಂದೆಯೇ ಹೆಣ್ಣು ಕೊಟ್ಟು ತರುವ ಸಂಬಂಧವೂ ಬೆಳೆಯಿತು. ನಮ್ಮ ಮುರುಗಲು ಹಣ್ಣು ಅಲ್ಲಿ ಪುನರ್ಪುಳಿ ಆಗುತ್ತದೆ ಎಂಬುದು ನಿಮ್ಮ ಮಗಳಿಗೆ ತಿಳಿಯಬೇಕಾದದ್ದು ದೊಡ್ಡಮ್ಮನ ಅಡುಗೆಮನೆಯಲ್ಲಿ. ಊಟ ಮಾಡಿ ಕೈತೊಳೆದು ಕಾರು ಹತ್ತುವ ಒಂದು ಗಂಟೆಯಲ್ಲಿ ಅಕ್ಕನ ಮಕ್ಕಳ ಹೆಸರೂ ಮಗುವಿನ ಬಾಯಿಗೆ ಬರುವುದಿಲ್ಲ.

2025ರ ಜುಲೈಯಲ್ಲಿ ಸಿಗಂದೂರಿನ ದಾರಿಯ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಲಿಂಗನಮಕ್ಕಿಯ ಹಿನ್ನೀರು ನಿಂತ ಮೇಲೆ ಅರವತ್ತು ವರ್ಷ ಲಾಂಚಿಗೆ ಕಾದ ಆಚೆ ದಡದ ಜನರಿಗೆ ಅದು ಸಲ್ಲಬೇಕಾದ ನ್ಯಾಯ. ಪ್ರವಾಸಕ್ಕೆ ಹೊರಟ ನಾವು ಮಾತ್ರ ಅಲ್ಲಿ ಉಳಿದ ಗಂಟೆಯನ್ನು ನೆಂಟರಿಗೆ ಕೊಡದೆ ಪಟ್ಟಿಗೆ ಇನ್ನೊಂದು ಜಾಗ ಸೇರಿಸಿಕೊಂಡೆವು. ಅವಸರದಲ್ಲಿ ತಿಂದ ಚಿಪ್ಸ್ ಪೊಟ್ಟಣ ಘಾಟಿಯ ಕಟ್ಟೆಯಾಚೆ ಬೀಳುತ್ತದೆ. ಮರದ ತುದಿಯಲ್ಲೇ ಬದುಕಬೇಕಾದ ಸಿಂಗಳೀಕ ಆಗುಂಬೆಯಲ್ಲಿ ರಸ್ತೆಗಿಳಿದು ಕೈಯೊಡ್ಡುವುದನ್ನು ಕಲಿಯುತ್ತದೆ, ಚಕ್ರಕ್ಕೆ ಸಿಕ್ಕಿ ಸಾಯುತ್ತದೆ. ಮಕ್ಕಳ ಕೈಯಿಂದ ಮಂಗಕ್ಕೆ ಬಾಳೆಹಣ್ಣು ಕೊಡಿಸಿ ಫೋಟೊ ತೆಗೆಯಬೇಡಿ. ಪುಟ್ಟ ಮಕ್ಕಳೊಂದಿಗೆ ಬರುವ ಹೆಂಗಸರು ಶೌಚಕ್ಕೆ ಹೋಟೆಲಿನವರ ದಯೆಯ ಮೇಲೆ ಘಟ್ಟ ಇಳಿಯುವಂತಾಗಿರುವುದೂ ಸರಿಯಲ್ಲ. ರಸ್ತೆ ಅಗಲ ಮಾಡಲು ಮರ ಕಡಿಯುವ ಉತ್ಸಾಹದಲ್ಲಿ ಹತ್ತರಲ್ಲಿ ಒಂದು ಪಾಲು ನೀರಿರುವ, ಚಿಲಕ ಬೀಳುವ ಶೌಚಾಲಯಕ್ಕೆ ಸಾಕಿತ್ತು.

ಕಡಲಿಗೆ ಬೆಳಿಗ್ಗೆ ಒಂಬತ್ತೂವರೆಯೊಳಗೆ ಅಥವಾ ಸಂಜೆ ನಾಲ್ಕೂವರೆಯ ಮೇಲೆ ಹೋಗಿ. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ನಿಂತು ನೋಡಿ, ನೀರಿಗಿಳಿಯಬೇಡಿ, ಅಲ್ಲಿ ಸೆಳೆತ ಜೋರು. ಎಲ್ಲೇ ಆಗಲಿ, ಅಕ್ಕಪಕ್ಕ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ನೀರು ಸುಮ್ಮನಿದ್ದರೆ ಅದೇ ಒಳಕ್ಕೆಳೆಯುವ ಜಾಗ. ಶಾಂತವಾಗಿದೆ ಎಂದು ಜನ ಇಳಿಯುವುದೂ ಅಲ್ಲಿಗೇ. ಮಗಳಿಗೆ ಅವಳ ಮೊಣಕಾಲಿನವರೆಗೆ ನೀರು ಸಾಕು, ದೊಡ್ಡವರೊಬ್ಬರು ಕೈಗೆಟುಕುವಷ್ಟು ಹತ್ತಿರ ಇರಬೇಕು. ನಮ್ಮ ಕಡೆಯ ಮಕ್ಕಳಿಗೆ ಅಲ್ಲಿನ ಸೆಕೆ ಒಗ್ಗುವುದಿಲ್ಲ. ಸುಸ್ತಾಗಿ ಭೇದಿಯಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಸಣ್ಣ ಚಮಚದ ಅಳತೆ. ಉಪ್ಪು ಕೈಯಳತೆಯಲ್ಲಿ ಹೆಚ್ಚಾದರೆ ಮಗುವಿಗೆ ಕೇಡು.

ಇವತ್ತೇ ಅಕ್ಕನಿಗೆ ಫೋನ್ ಮಾಡಿ, ಊಟಕ್ಕಲ್ಲ, ಎರಡು ರಾತ್ರಿ ಉಳಿಯಲು ಬರುತ್ತೇವೆ ಎನ್ನಿ. ಅಪ್ಪೆಮಿಡಿ ಉಪ್ಪಿನಕಾಯಿಯ ಜಾಡಿ ಒಯ್ಯುವುದಾದರೆ ಬಾಯಿಗೆ ಬಟ್ಟೆ ಕಟ್ಟಿ, ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದು ನೆಟ್ಟಗೆ ನಿಲ್ಲಿಸಿ. ಬಾಳೆಬರೆಯ ತಿರುವಿನಲ್ಲಿ ರಸ ಚೆಲ್ಲಿದರೆ ಆ ವಾಸನೆಗೇ ಮಗಳಿಗೆ ಮತ್ತೆ ವಾಂತಿ ಬಂದೀತು.