ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್ ಈಗಲೂ ಆಡಬಹುದಾ? ಧಾರಾಳವಾಗಿ

ಸರ್, ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್ 1997ರ ವಿಡಿಯೋ ಗೇಮ್, ಈಗ ಹಳತಾಗಿರಲ್ವಾ, ದಾವಣಗೆರೆಯಿಂದ ಹರಿಹರಕ್ಕೆ ದಿನಾ ಬಸ್ಸಲ್ಲಿ ಹೋಗುವಾಗ ಆಡಬಹುದಾ ಅಂತ ಕೇಳಿದ್ದೀರಿ. ಚಿತ್ರಗಳು ಹಳೆಯವು, ಆಟ ಹಳತಾಗಿಲ್ಲ. ಬಸ್ ಹರಿಹರ ಮುಟ್ಟುವಷ್ಟರಲ್ಲಿ ಒಂದು ಕಾಳಗ ಪೂರ್ತಿ ಮುಗಿಯೋದು ಕಷ್ಟ, ಆದರೆ ಸರದಿ ಆಟ ಅಲ್ವಾ, ನಿಮ್ಮ ಸರದಿ ಬಂದಾಗ ಎಷ್ಟು ಹೊತ್ತು ಬೇಕಾದರೂ ಕಾಯುತ್ತದೆ.

ನನಗೆ ಇದರಲ್ಲಿ ತುಂಬಾ ಇಷ್ಟ ಅಂದರೆ ಸಮಯದ ಲೆಕ್ಕ. ದೊಡ್ಡ ಮಂತ್ರ ಹಾಕಿದ ತಕ್ಷಣ ಸಿಡಿಯುವುದಿಲ್ಲ. ನೀವು ವೈರಿಯನ್ನೇ ಗುರಿ ಇಟ್ಟಿರುತ್ತೀರಿ, ಅಷ್ಟರಲ್ಲಿ ಅವನು ನಡೆದು ಬಂದು ನಿಮ್ಮ ನೈಟ್ (ಕತ್ತಿ ಹಿಡಿದ ಯೋಧ) ಪಕ್ಕದಲ್ಲೇ ನಿಂತರೆ ಬೆಂಕಿ ಇಬ್ಬರಿಗೂ ಬೀಳುತ್ತದೆ! ಬಿದ್ದವನನ್ನು ಬೇಗ ಎಬ್ಬಿಸದಿದ್ದರೆ ಅವನು ಹರಳಾಗಿ ಹೋಗುತ್ತಾನೆ, ಮತ್ತೆ ಸಿಗಲ್ಲ. ಜಾಬ್, ಅಂದರೆ ಯೋಧ, ಮಂತ್ರಗಾರ ಅನ್ನುವಂಥ ಕಸುಬು, ಬದಲಿಸಿದರೂ ಕಲಿತ ವಿದ್ಯೆ ಉಳಿಯುತ್ತದೆ, ಹಾಗಾಗಿ ಆರಂಭದಲ್ಲಿ ಎಲ್ಲರಿಗೂ ಸ್ವಲ್ಪ ಸ್ವಲ್ಪ ಕಲಿಸಿ.

ಕೊರತೆಯೂ ಇದೆ. ಕಷ್ಟದ ಮಟ್ಟ ಒಂದೇ ಸಮ ಇಲ್ಲ. ರಿಯೋವೇನ್ಸ್ ಕೋಟೆಯಲ್ಲಿ ನಾಯಕ ರಾಮ್ಜಾ ಒಬ್ಬನೇ ವೈರಿ ವೀಗ್ರಾಫ್ ಎದುರು ನಿಲ್ಲಬೇಕು, ಮಂತ್ರಗಾರನಾಗಿ ಹೋದರೆ ಸುಮ್ನೆ ಸಾಯುತ್ತಾನೆ. ಅಲ್ಲಿ ಸಿಕ್ಕಿಬಿದ್ದರೆ ಹಿಂದಕ್ಕೆ ಬರಲು, ಕೋಟೆಗೆ ಹೋಗುವ ಮೊದಲು ಬೇರೆ ಸೇವ್ ಇಟ್ಟುಕೊಳ್ಳಿ.

ಮೊಬೈಲ್‌ಗೆ ಇದೇ ಆಟದ 'ವಾರ್ ಆಫ್ ದಿ ಲಯನ್ಸ್' ಆವೃತ್ತಿ ಸಾಕು. ಮನೆಯಲ್ಲಿ ಪಿಸಿ ಇದ್ದರೆ 2025ರ ಹೊಸ ಆವೃತ್ತಿ 'ಇವಾಲಿಸ್ ಕ್ರಾನಿಕಲ್ಸ್' ತಗೊಳ್ಳಿ, ಅದರಲ್ಲಿ ಆಟೋಸೇವ್ ಇದೆ, ಕಷ್ಟದ ಮಟ್ಟವನ್ನೂ ನೀವೇ ಆರಿಸಬಹುದು.